“ಸೈಕೋ” ಎಂದು ಹಣೆಪಟ್ಟಿ ಹಚ್ಚಬೇಡಿ, ಹಚ್ಚಿದ್ದನ್ನು ಹಂಚಬೇಡಿ!

ಸಾಗರ, ಹೊಸನಗರ, ತೀರ್ಥಹಳ್ಳಿಯ ಬಂಧುಗಳೇ,

ಎಲ್ಲೋ ಒಂದು ಕೊಲೆಯಾಗುತ್ತದೆ. ಪೊಲೀಸರು ಆರೋಪಿಯನ್ನು ಜೀಪು ಹತ್ತಿಸುವಷ್ಟರಲ್ಲಿ ಟಿವಿಯಲ್ಲಿ ಕೆಂಪು ಅಕ್ಷರ ಓಡುತ್ತಿರುತ್ತದೆ: “ಸೈಕೋ ಕಿಲ್ಲರ್”, “ಮಾನಸಿಕ ಅಸ್ವಸ್ಥನ ಅಟ್ಟಹಾಸ”. ಪರೀಕ್ಷೆ ಮಾಡಿದ ವೈದ್ಯರು ಯಾರು? ಯಾರೂ ಇಲ್ಲ. “ಅವನು ಯಾರ ಜೊತೆಗೂ ಬೆರೆಯುತ್ತಿರಲಿಲ್ಲ” ಎಂದು ಪಕ್ಕದ ಮನೆಯವರು ಅಂದದ್ದೇ ಸರ್ಟಿಫಿಕೇಟು. ಬೆಳಗಾಗುವಷ್ಟರಲ್ಲಿ ಅದು ನಮ್ಮ ವಾಟ್ಸಾಪ್ ಗ್ರೂಪುಗಳಿಗೂ ಬಂದಿರುತ್ತದೆ.

ಆ ಏಟು ಬೀಳುವುದು ಕೊಲೆಗಾರನಿಗಲ್ಲ. ಮಾತ್ರೆ ತೆಗೆದುಕೊಂಡು ನೆಟ್ಟಗೆ ದುಡಿಯುತ್ತಿರುವ ನಮ್ಮೂರ ಹುಡುಗನಿಗೆ. ಅಡಿಕೆ ಸುಲಿಯುವ ಚಪ್ಪರದಲ್ಲಿ ಅವನ ಪಕ್ಕದ ಮೆಟ್ಟುಗತ್ತಿಗೆ ಯಾರೂ ಕೂರುವುದಿಲ್ಲ. ಅಮ್ಮ ಮಾತ್ರೆ ಚೀಟಿಯನ್ನು ಅಕ್ಕಿ ಡಬ್ಬದೊಳಗೆ ಬಚ್ಚಿಡುತ್ತಾಳೆ. ಶಿವಮೊಗ್ಗದ ಡಾಕ್ಟರ ಹತ್ತಿರ ಹೋಗುವುದು ತಪ್ಪುತ್ತದೆ, ಕಾಯಿಲೆ ಮರುಕಳಿಸುತ್ತದೆ.

ಹೀಗಾಗಬಾರದೆಂದು ಈ ನೆಲದಲ್ಲಿ ಎಷ್ಟು ಜನ ಬೆವರು ಸುರಿಸಿದ್ದಾರೆ! ಶಿವಮೊಗ್ಗದ ಮನೋವೈದ್ಯ ಡಾ. ಅಶೋಕ್ ಪೈ ಮನೋರೋಗದ ಭಯ ಬಿಡಿಸಲು ಕನ್ನಡದಲ್ಲಿ ಬರೆದರು, ಸಿನಿಮಾಕ್ಕೂ ಕೈಹಾಕಿದರು. ನಿಮ್ಹಾನ್ಸ್ ವೈದ್ಯರು ಇಪ್ಪತ್ತು ವರ್ಷಗಳ ಹಿಂದೆಯೇ ತೀರ್ಥಹಳ್ಳಿ ತಾಲೂಕಿನ ಹಳ್ಳಿಗಳಲ್ಲಿ ಸ್ಕಿಜೋಫ್ರೇನಿಯಾ ಇದ್ದವರನ್ನು ಹುಡುಕಿ ಚಿಕಿತ್ಸೆ ಕೊಡಲು ಶುರುಮಾಡಿದರು. ಔಷಧ ಬಿಡದೆ ತೆಗೆದುಕೊಂಡವರು ಮನೆ, ಕೆಲಸ ಎರಡನ್ನೂ ಇತರರಿಗಿಂತ ಚೆನ್ನಾಗಿ ನಿಭಾಯಿಸಿದರು. ಇದು ನಮ್ಮ ತೀರ್ಥಹಳ್ಳಿಯೇ ದೇಶಕ್ಕೆ ತೋರಿಸಿಕೊಟ್ಟ ಸತ್ಯ.

ಈ ಹಣೆಪಟ್ಟಿ ಅಪರಾಧದ ಹಿಂದಿನ ಪ್ರಶ್ನೆಗಳನ್ನೂ ಮುಚ್ಚುತ್ತದೆ. ಬಂಟ್ವಾಳ ಕಡೆಯ ಮೇಷ್ಟ್ರಾಗಿದ್ದ ಸರಣಿ ಕೊಲೆಗಾರ ಮೋಹನ್ ಕುಮಾರನನ್ನು ನೆನೆಯಿರಿ. ಸಿಕ್ಕಿಬಿದ್ದದ್ದು 2009ರಲ್ಲಿ. ವರದಕ್ಷಿಣೆ ಬೇಡ, ಮದುವೆಯಾಗುತ್ತೇನೆ ಎಂದು ಬಡವರ ಮನೆಯ ಹೆಣ್ಣುಮಕ್ಕಳನ್ನು ನಂಬಿಸಿದ. ಗರ್ಭ ನಿಲ್ಲದ ಮಾತ್ರೆ ಎಂದು ಸಯನೈಡ್ ಕೊಟ್ಟ, ಒಡವೆ ದೋಚಿದ. ಊರೂರಿನ ಬಸ್‌ಸ್ಟ್ಯಾಂಡ್ ಶೌಚಾಲಯಗಳಲ್ಲಿ ಒಂದೇ ಥರ ಹೆಣಗಳು ಸಿಕ್ಕರೂ ವರ್ಷಗಟ್ಟಲೆ ಅವನ್ನು ಯಾರೂ ಜೋಡಿಸಿ ನೋಡಲಿಲ್ಲ. ಕೋರ್ಟಿನಲ್ಲಿ ಅವನು ತನ್ನ ವಾದವನ್ನು ತಾನೇ ಮಂಡಿಸಿದ. ಇಂಥವನನ್ನು ಹುಚ್ಚ ಎಂದು ಕೈತೊಳೆದುಕೊಂಡರೆ ವರದಕ್ಷಿಣೆಯ ಪ್ರಶ್ನೆ, ತನಿಖೆಯ ಪ್ರಶ್ನೆ ಎರಡೂ ಮುಚ್ಚಿಹೋಗುತ್ತವೆ. ಸತ್ತ ಹೆಣ್ಣುಮಕ್ಕಳಿಗೆ ಅದು ಎರಡನೇ ಅನ್ಯಾಯ.

ಅಪರಾಧ ಮಾಡಿದವರಲ್ಲಿ ಕಾಯಿಲೆ ಇದ್ದವರೂ ಇರಬಹುದು. ಅದನ್ನು ತೀರ್ಮಾನಿಸಬೇಕಾದ್ದು ವೈದ್ಯರ ಸಾಕ್ಷ್ಯ ಕೇಳಿದ ನ್ಯಾಯಾಲಯ. ಮನಸ್ಸು ಸ್ಥಿಮಿತದಲ್ಲಿಲ್ಲದವರ ಕೃತ್ಯದ ಬಗ್ಗೆ ಹೇಳುವ ಭಾರತೀಯ ನ್ಯಾಯ ಸಂಹಿತೆಯ 22ನೇ ಕಲಂ ಇರುವುದು ಅದಕ್ಕೇ. ಚಿಕಿತ್ಸೆಯಲ್ಲಿರುವವರ ಫೋಟೋ, ಮಾಹಿತಿಯನ್ನು ಅವರ ಒಪ್ಪಿಗೆಯಿಲ್ಲದೆ ಮಾಧ್ಯಮಕ್ಕೆ ಕೊಡುವಂತಿಲ್ಲ ಎಂದು 2017ರ ಮಾನಸಿಕ ಆರೋಗ್ಯ ಕಾಯ್ದೆಯ 24ನೇ ಕಲಂ ಹೇಳುತ್ತದೆ.

ಆದ್ದರಿಂದ ಇಂಥ ಕ್ಲಿಪ್ ಬಂದರೆ ಮುಂದೆ ಕಳಿಸಬೇಡಿ, ಕಳಿಸಿದವರನ್ನು ಗ್ರೂಪಿನಲ್ಲೇ ಕೇಳಿ: ಯಾವ ಡಾಕ್ಟರು ಹೇಳಿದರು? ಚಾನೆಲ್ಲು ಹೀಗೆ ಬಿತ್ತರಿಸಿದರೆ ದಿನಾಂಕ, ಸಮಯ ಬರೆದುಕೊಂಡು ಅದರ ದೂರು ಅಧಿಕಾರಿಗೆ ಲಿಖಿತ ದೂರು ಕೊಡಿ. ಹದಿನೈದು ದಿನದೊಳಗೆ ಉತ್ತರಿಸಬೇಕೆಂದು 2021ರ ಕೇಬಲ್ ಟಿವಿ ನಿಯಮವಿದೆ. ಪತ್ರಿಕೆಯಾದರೆ ಮೊದಲು ಸಂಪಾದಕರಿಗೆ, ಅವರು ಕೇಳದಿದ್ದರೆ ಭಾರತೀಯ ಪತ್ರಿಕಾ ಮಂಡಳಿಗೆ. ನಮ್ಮ ತಾಲೂಕುಗಳ ವರದಿಗಾರ ಮಿತ್ರರೇ, ನಿಮ್ಮನ್ನು ಕೈಮುಗಿದು ಕೇಳುತ್ತೇವೆ: ವೈದ್ಯರ ಮಾತಿಲ್ಲದೆ ರೋಗದ ಹೆಸರು ಬರೆಯಬೇಡಿ.

ಮನೆಯಲ್ಲಿ ಯಾರಿಗಾದರೂ ಮನಸ್ಸಿನ ತೊಂದರೆ ಇದ್ದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ. ಹಗಲು ರಾತ್ರಿ ಯಾವಾಗಲಾದರೂ ಸರಿ, ಉಚಿತ; ಕನ್ನಡದಲ್ಲೇ ಮಾತಾಡಬಹುದು. ತಾಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವ ದಿನ ಯಾವುದೆಂದು ಅಲ್ಲಿಯೇ ವಿಚಾರಿಸಿ.

— ಮೂರೂ ತಾಲೂಕುಗಳ ಮನೋರೋಗಿಗಳ ಮನೆಯವರು ಮತ್ತು ಗೆಳೆಯರು