ತೊಗರಿಗೊಂದು ಲೆಕ್ಕ, ಲೇಸಿಗೊಂದು ಲೆಕ್ಕವೇ?

ತೊಗರಿಯ ಬೆಂಬಲ ಬೆಲೆಯ ಮಾತು ಬಂದಾಗಲೆಲ್ಲ ನಾವು ರೈತರು ಒಂದು ವಾದವನ್ನು ತಪ್ಪದೆ ಮುಂದಿಡುತ್ತೇವೆ. ಬೀಜ, ಗೊಬ್ಬರ, ಔಷಧಿ, ಬಾಡಿಗೆಗಳನ್ನಷ್ಟೇ ಕೂಡಿಸಿದರೆ ಸಾಲದು. ಮನೆಮಂದಿ ಹೊಲದಲ್ಲಿ ದುಡಿದದ್ದಕ್ಕೂ ಕೂಲಿ ಕಟ್ಟಿ ಖರ್ಚಿಗೆ ಸೇರಿಸಬೇಕು ಎನ್ನುತ್ತೇವೆ. ವಾದ ನ್ಯಾಯವಾದದ್ದೇ. ಕೇಂದ್ರ ಸರಕಾರ ಕೂಡ 2018-19ರಿಂದ ಬೆಂಬಲ ಬೆಲೆಯನ್ನು ಗೊತ್ತುಪಡಿಸುವಾಗ, ಕೈಯಿಂದ ಹಾಕಿದ ಖರ್ಚಿಗೆ ಮನೆಮಂದಿಯ ದುಡಿಮೆಯ ಬೆಲೆಯನ್ನು ಕೂಡಿಸಿ, ಕನಿಷ್ಠ ಅದರ ಒಂದೂವರೆ ಪಟ್ಟು ಹಿಡಿಯುತ್ತೇವೆಂದು ಹೇಳುತ್ತ ಬಂದಿದೆ. 2025-26ರ ಹಂಗಾಮಿಗೆ ತೊಗರಿಗೆ ಕ್ವಿಂಟಲಿಗೆ 8,000 ರೂಪಾಯಿ ಗೊತ್ತಾಯಿತು. ಜಮೀನಿನ ಗೇಣಿ, ಬಂಡವಾಳದ ಬಡ್ಡಿ ಸೇರಿಲ್ಲವೆಂಬ ನಮ್ಮ ತಕರಾರು ಬೇರೆ ಇದೆ. ಅದನ್ನು ಇನ್ನೊಮ್ಮೆ ನೋಡೋಣ.

ದಿಲ್ಲಿಯವರು ನಮ್ಮ ಮನೆಮಂದಿಯ ದುಡಿಮೆಯನ್ನು ಲೆಕ್ಕಕ್ಕೆ ಹಿಡಿಯಬೇಕೆಂದು ಕೇಳುವ ನಾವು, ನಮ್ಮ ಮನೆಯೊಳಗೆ ಅದೇ ಲೆಕ್ಕವನ್ನು ಹಿಡಿದಿದ್ದೇವೆಯೇ? ನಾನಂತೂ ಹಿಡಿದಿರಲಿಲ್ಲ. ಅದು ನನಗೆ ತಿಳಿದದ್ದು ಒಂದು ಬಾಗಿಲ ತೋರಣದಿಂದ.

ನಮ್ಮದು ಹುಮನಾಬಾದ್ ತಾಲ್ಲೂಕಿನ ಹಳ್ಳಿಖೇಡ (ಬಿ). ನಮ್ಮ ಮನೆಯವರು ಮದುವೆಯಾಗಿ ಬರುವಾಗಲೇ ಕ್ರೋಶಾ ಸೂಜಿಯನ್ನು ಟ್ರಂಕಿನಲ್ಲಿ ಇಟ್ಟುಕೊಂಡು ಬಂದವರು. ತುದಿಯಲ್ಲಿ ಸಣ್ಣ ಕೊಕ್ಕೆಯಿರುವ ಒಂದು ಸೂಜಿ, ಒಂದು ಉಂಡೆ ದಾರ, ಇಷ್ಟೇ ಬಂಡವಾಳ. ಮೊದಲು ಸರಪಳಿ, ಅದರ ಮೇಲೆ ಕಂಬ, ಕಂಬದಿಂದ ಹೂವು, ಹೂವಿಗೆ ಹೂವು ಕೂಡಿಸಿದರೆ ಲೇಸು. ತೋರಣ, ತಟ್ಟೆ ಮುಚ್ಚುವ ವಸ್ತ್ರ, ಸೀರೆಯ ಸೆರಗಿನ ಅಂಚು, ಕೂಸಿನ ಕುಲಾಯಿ, ಎಲ್ಲವೂ ಆ ಒಂದೇ ಸೂಜಿಯಿಂದ ಹುಟ್ಟುತ್ತವೆ. ಪೇಟೆಯಲ್ಲಿ ಯಂತ್ರದ ಲೇಸು ಮೀಟರಿನ ಲೆಕ್ಕದಲ್ಲಿ ಸಿಗುತ್ತದೆ. ನೋಡಲು ಒಂದೇ ತೆರನಾಗಿ ಕಂಡರೂ ಅದರ ನೇಯ್ಗೆ ಬೇರೆ. ಒಂದು ಕೊಕ್ಕೆಯಿಂದ ಒಂದೊಂದೇ ಕುಣಿಕೆಯನ್ನು ಎಳೆದು ಮಾಡುವ ಕ್ರೋಶಾ ಇಂದಿಗೂ ಕೈಗಳ ಕೆಲಸವೇ.

2025ರ ಮುಂಗಾರಿನಲ್ಲಿ ಅತಿವೃಷ್ಟಿಯಾಗಿ ನಮ್ಮ ಜಿಲ್ಲೆಯ ಹೆಸರು, ಉದ್ದು, ಸೋಯಾ ಬೆಳೆಗಳು ಹೊಲದಲ್ಲೇ ಕೊಳೆತದ್ದು ಎಲ್ಲರಿಗೂ ನೆನಪಿದೆ. ಆ ವರ್ಷ ದೀಪಾವಳಿಗೆ ಕೈಯಲ್ಲಿ ಕಾಸಿರಲಿಲ್ಲ. ಮನೆಯವರು ಹೆಣೆದಿಟ್ಟ ಒಂದು ತೋರಣವನ್ನು ನಾನು ಪೇಟೆಗೆ ಒಯ್ದು, ಅಂಗಡಿಯವರು ಕೇಳಿದ 350 ರೂಪಾಯಿಗೆ ಕೊಟ್ಟು ಬಂದೆ. ಬಿಡುವಿನಲ್ಲಿ ಮಾಡಿದ್ದು, ಬಂದದ್ದೇ ಲಾಭ ಎಂದುಕೊಂಡೆ. ವಾರದ ನಂತರ ಅದೇ ತೋರಣ ಅದೇ ಅಂಗಡಿಯಲ್ಲಿ 900 ರೂಪಾಯಿಯ ಚೀಟಿ ಅಂಟಿಸಿಕೊಂಡು ತೂಗಾಡುತ್ತಿತ್ತು.

ಮನೆಗೆ ಬಂದು ಹೇಳಿದಾಗ ಅವರು ಸಿಟ್ಟಾಗಲಿಲ್ಲ. ಒಂದೇ ಮಾತು ಕೇಳಿದರು: "ತೊಗರಿ ಮಾರಾಕ ಹೋದ್ರ ನಾಕು ಅಡತಿ ಅಂಗಡಿ ಅಡ್ಡಾಡಿ ಧಾರಣಿ ಕೇಳ್ತೀರಿ. ಇದಕ್ಕ ಯಾಕ ಒಬ್ಬರನ್ನೂ ಕೇಳಲಿಲ್ಲರೀ?"

ಉತ್ತರ ಹೊಳೆಯಲಿಲ್ಲ. ಅಂದು ರಾತ್ರಿ ಕುಳಿತು ಲೆಕ್ಕ ಹಾಕಿದೆ. ಆ ತೋರಣಕ್ಕೆ 22 ಸಂಜೆ, ಸಂಜೆಗೆ ಎರಡು ತಾಸು, ಒಟ್ಟು 44 ತಾಸು ಹಿಡಿದಿತ್ತು. ದಾರಕ್ಕೆ 130 ರೂಪಾಯಿ. 350ರಲ್ಲಿ ಅದನ್ನು ಕಳೆದರೆ ಉಳಿದದ್ದು 220. ತಾಸಿಗೆ ಬಿದ್ದದ್ದು 5 ರೂಪಾಯಿ! 2025-26ರಲ್ಲಿ ನಮ್ಮ ರಾಜ್ಯದಲ್ಲಿ ಉದ್ಯೋಗ ಖಾತರಿಯ ಕೂಲಿ ದಿನಕ್ಕೆ 370 ರೂಪಾಯಿ ಇತ್ತು. ಎಂಟು ತಾಸಿನ ದಿನವೆಂದು ಹಿಡಿದರೂ ಆ ತೋರಣದಲ್ಲಿ ಐದೂವರೆ ದಿನದ ದುಡಿಮೆ ಇದೆ. ಕೂಲಿಯೇ 2,035 ರೂಪಾಯಿ, ದಾರ ಸೇರಿ 2,165. ಇದನ್ನು ನಾನು 350ಕ್ಕೆ ಕೊಟ್ಟಿದ್ದೆ. ಅಂಗಡಿಯವರನ್ನು ಬೈದು ಫಲವಿಲ್ಲ. ಬೆಲೆ ಇಲ್ಲವೆಂದು ಮೊದಲು ತೀರ್ಮಾನಿಸಿದವನು ನಾನೇ.

"ಬಿಡುವಿನ ಕೆಲಸ" ಎಂಬ ಮಾತು

ಈ ಮಾತಿನಿಂದ ಒಂದು ಸೀಮೆಗೇ ಆದ ನಷ್ಟವನ್ನು ಓದುಗರು ತಿಳಿಯಬೇಕು. ನಮ್ಮ ಮಾಂಜ್ರಾ ನದಿಯ ನೀರು ಗೋದಾವರಿಗೆ ಸೇರಿ, ಆಂಧ್ರದ ಕರಾವಳಿಯಲ್ಲಿ ಸಮುದ್ರಕ್ಕೆ ಬೀಳುತ್ತದೆ. ಅಲ್ಲಿ ಪಶ್ಚಿಮ ಗೋದಾವರಿ ಜಿಲ್ಲೆಯ ನರಸಾಪುರವೆಂಬ ಊರಿದೆ. 1844ರ ಸುಮಾರಿಗೆ ಮ್ಯಾಕ್ರೇ ಎಂಬ ಸ್ಕಾಟ್ಲೆಂಡಿನ ದಂಪತಿಗಳು ಆ ಗೋದಾವರಿ ಸೀಮೆಯ ಹೆಣ್ಣುಮಕ್ಕಳಿಗೆ ಕ್ರೋಶಾ ಕಲಿಸಿದರೆಂದು ಹೇಳುತ್ತಾರೆ. ವಿದ್ಯೆ ಬೆಳೆಯಿತು, ಸುತ್ತಲಿನ ಹಳ್ಳಿಗಳ ಸಾವಿರಾರು ಮನೆಗಳಿಗೆ ಹಬ್ಬಿತು, ಲೇಸು ಹಡಗು ಹತ್ತಿ ಪರದೇಶಕ್ಕೆ ಹೋಯಿತು.

ಜರ್ಮನಿಯ ಸಮಾಜಶಾಸ್ತ್ರಜ್ಞೆ ಮರಿಯಾ ಮೀಸ್ ಅಲ್ಲಿಗೆ ಬಂದು ಆ ಹೆಂಗಸರ ದುಡಿಮೆಯನ್ನು ಕೂಲಂಕಷವಾಗಿ ನೋಡಿ, 1982ರಲ್ಲಿ ಒಂದು ಪುಸ್ತಕವನ್ನು ಪ್ರಕಟಿಸಿದರು. ಅವರು ಕಂಡದ್ದು ಇಷ್ಟು. ಮನೆಗೆಲಸವನ್ನೆಲ್ಲ ಮುಗಿಸಿ ಹೆಂಗಸರು ದಿನಕ್ಕೆ ಆರೆಂಟು ತಾಸು ಲೇಸು ಹೆಣೆಯುತ್ತಿದ್ದರು. ಒಬ್ಬಳು ಹೂವು ಮಾಡಿದರೆ ಇನ್ನೊಬ್ಬಳು ಜೋಡಿಸುತ್ತಿದ್ದಳು. ತಯಾರಾದ ಮಾಲು ಎಲ್ಲಿಗೆ ಹೋಯಿತು, ಎಷ್ಟಕ್ಕೆ ಹೋಯಿತು ಎಂಬುದು ಇಬ್ಬರಿಗೂ ತಿಳಿಯದು. ವ್ಯಾಪಾರ ಗಂಡಸರ ಕೈಯಲ್ಲಿತ್ತು. ಅವರಲ್ಲಿ ಕೆಲವರು ಸಾಹುಕಾರರಾದರು. ಹೆಣೆದವರಿಗೆ ಸಿಕ್ಕದ್ದು ಹೊಲದ ಕೂಲಿ ಹೆಂಗಸಿನ ಕನಿಷ್ಠ ಕೂಲಿಗಿಂತಲೂ ಬಹಳ ಕಡಿಮೆ. ಇದಕ್ಕೆ ಕೊಟ್ಟ ಕಾರಣ ಒಂದೇ: ಇವರು ಮನೆಯಲ್ಲಿರುವ ಗೃಹಿಣಿಯರು, ಇದು ಬಿಡುವಿನ ವೇಳೆಯ ಕೆಲಸ. ಆರೆಂಟು ತಾಸಿನ ದುಡಿಮೆಯನ್ನು "ಬಿಡುವು" ಎಂದು ಕರೆದ ಕೂಡಲೇ ಅದರ ಕೂಲಿ ಮಾಯವಾಯಿತು. ಆ ಲೇಸಿಗೆ 2024ರಲ್ಲಿ ಭೌಗೋಳಿಕ ಸೂಚಿಕೆಯ ಮನ್ನಣೆ ದೊರೆತಿದೆ. ಊರಿನ ಹೆಸರಿಗೆ ಮನ್ನಣೆ ಬಂದದ್ದು ಒಳ್ಳೆಯದೇ. ಆದರೆ ಮನ್ನಣೆ ಊರಿಗೆ ಬಂದರೆ ಸಾಲದು, ಹೆಣೆದವಳ ಕೈಗೂ ಬರಬೇಕು.

ಹಾಗೆಂದು ಲೇಸನ್ನು ಕೈಬಿಡಬೇಕೆಂದು ನಾನು ಹೇಳುತ್ತಿಲ್ಲ. ಐರ್ಲೆಂಡ್ ದೇಶದಲ್ಲಿ 1845ರಿಂದ ಆಲೂಗಡ್ಡೆ ಬೆಳೆಗೆ ರೋಗ ಬಿದ್ದು ಘೋರ ಕ್ಷಾಮವಾದಾಗ, ಕ್ರೈಸ್ತ ಸನ್ಯಾಸಿನಿಯರೂ ಊರ ಹೆಂಗಸರೂ ಒಕ್ಕಲು ಮನೆಗಳ ಹೆಣ್ಣುಮಕ್ಕಳಿಗೆ ಕ್ರೋಶಾ ಕಲಿಸಿದರು. ಬೆಳೆ ಕೈಕೊಟ್ಟ ಎಷ್ಟೋ ಮನೆಗಳಿಗೆ ಅದು ಹಿಟ್ಟಿಗೆ ದಾರಿಯಾಯಿತು. ಮಳೆಯನ್ನೇ ನಂಬಿದ ನಮ್ಮ ಕಡೆ ಇಂಥ ಉಪಕಸುಬು ಬೇಡವೆನ್ನುವವರು ಯಾರು? ಇರಲಿ, ಆದರೆ ಲೆಕ್ಕದ ಸಮೇತ ಇರಲಿ.

ಕಲಿಸುವುದೂ ದುಡಿಮೆಯೇ

ಇನ್ನೊಂದು ತಪ್ಪನ್ನೂ ಒಪ್ಪಿಕೊಳ್ಳಬೇಕು. ನಮ್ಮ ಮನೆಯವರು ಪ್ರತಿ ಭಾನುವಾರ ಮಧ್ಯಾಹ್ನ ಓಣಿಯ ಎಂಟು ಮಕ್ಕಳಿಗೆ ನಮ್ಮ ಪಡಸಾಲೆಯಲ್ಲಿ ಕ್ರೋಶಾ ಕಲಿಸುತ್ತಾರೆ. ಹಣ ತೆಗೆದುಕೊಳ್ಳುವುದಿಲ್ಲ. ಹೊಸಬರಿಗೆ ದಪ್ಪ ದಾರ, ದಪ್ಪ ಸೂಜಿ ಕೊಡುತ್ತಾರೆ. ಸರಪಳಿ ಒಂದು ದಿನಕ್ಕೆ ಕೈಗೆ ಕೂಡುತ್ತದೆ, ಹೂವಿಗೆ ಎರಡು ಮೂರು ವಾರ ಬೇಕು, ಬಿಗುವು ಸಮನಾಗಿ ಬರಲು ತಿಂಗಳುಗಳೇ ಬೇಕು. ತಪ್ಪಿದಲ್ಲಿ ಬಿಚ್ಚಿಸಿ ಮತ್ತೆ ಹಾಕಿಸುತ್ತಾರೆ. ಇದಲ್ಲದೆ ಸ್ವಸಹಾಯ ಗುಂಪಿನ ಪುಸ್ತಕ ಬರೆಯುವುದೂ ಅವರ ಪಾಲಿನದೇ. ಹಾಲು ಹಿಂಡುವುದು, ಅಡಿಗೆ, ಕಳೆ ತೆಗೆಯುವುದು ಹೇಗೂ ತಪ್ಪಿದ್ದಲ್ಲ.

ಒಂದು ಭಾನುವಾರ ಮನೆಗೆ ಬೀಗರು ಬಂದರು. ಚಹಾ ತಡವಾಯಿತೆಂದು ನಾನು ಮಕ್ಕಳ ಎದುರಿನಲ್ಲೇ ರೇಗಿದೆ. "ಊರ ಮಕ್ಕಳಿಗೆ ಪುಕ್ಕಟೆ ಕಲಿಸೋದರಿಂದ ನಮಗೇನು ಬಂತು?" ಎಂದೆ. ಮರುವಾರದಿಂದ ಪಾಠ ನಿಂತಿತು. ಅವರು ಏನೂ ಅನ್ನಲಿಲ್ಲ, ಸೂಜಿಯನ್ನು ಎತ್ತಿಟ್ಟರು. ಎರಡು ತಿಂಗಳು ಹಾಗೇ ಹೋಯಿತು. ಒಂದು ದಿನ ಓಣಿಯ ಒಬ್ಬ ಹುಡುಗಿ ಅರ್ಧ ಹೆಣೆದ ಹೂವನ್ನು ಕೈಯಲ್ಲಿ ಹಿಡಿದು ಬಾಗಿಲಲ್ಲಿ ನಿಂತು, "ಕಾಕಾ, ಕಾಕಿ ಅದಾರೇನ್ರೀ? ಮುಂದಿನ ಸುತ್ತು ತಿಳೀವಲ್ದು" ಎಂದಳು. ಆ ಹೂವನ್ನು ಅವಳು ಎಷ್ಟು ಸಲ ಬಿಚ್ಚಿ ಹಾಕಿದ್ದಳೋ, ದಾರ ಮಾಸಿ ಹೋಗಿತ್ತು. ನನಗೆ ನಾಚಿಕೆಯಾಯಿತು.

ಕಲಿಸುವುದು ನಮ್ಮ ಮನೆಯವರು ಊರಿಗೆ ಕೊಡುವ ಕಾಣಿಕೆ. ಕೊಡುವವರು ಲೆಕ್ಕ ಕೇಳದಿದ್ದರೂ ಪಡೆಯುವವರಿಗೆ ಅದರ ಬೆಲೆ ಗೊತ್ತಿರಬೇಕು. ಗಂಡಸು ಗುಡಿಯ ಕಮಿಟಿಗೆ, ಸೊಸೈಟಿಯ ಸಭೆಗೆ ಹೋದರೆ ಅದು ಸಮಾಜಸೇವೆ. ಹೆಂಗಸು ಎಂಟು ಮಕ್ಕಳಿಗೆ ಕಸುಬು ಕಲಿಸಿದರೆ ಅದು ಹೊತ್ತು ಕಳೆಯುವುದೇ? ಬಸವಕಲ್ಯಾಣ ನಮಗೆ ದೂರವಲ್ಲ. ಅಲ್ಲಿ ಹನ್ನೆರಡನೆಯ ಶತಮಾನದಲ್ಲಿ ನೂಲುವ ಕದಿರ ರೆಮ್ಮವ್ವೆಯನ್ನೂ ಸೂಜಿ ಹಿಡಿದ ರಾಮಿತಂದೆಯನ್ನೂ ಅವರವರ ಕಾಯಕದ ಹೆಸರಿನಿಂದಲೇ ಗೌರವಿಸಿದರು. ಆ ಮಣ್ಣಿನ ನೆರೆಯವರಾದ ನಾವು ಮನೆಯೊಳಗಿನ ಸೂಜಿಯ ಕಾಯಕವನ್ನು ಹಗುರಾಗಿ ಕಾಣುವುದು ಶೋಭಿಸದು.

ಏನು ಮಾಡಬಹುದು?

ಮೊದಲನೆಯದಾಗಿ, ಮನೆಯಲ್ಲಿ ಒಂದು ನೋಟುಬುಕ್ಕು ಇಡಿರಿ. ಯಾವ ತುಂಡಿಗೆ ಎಷ್ಟು ತಾಸು, ಎಷ್ಟು ದಾರ ಎಂಬುದನ್ನು ಹೆಣೆದವರೇ ಬರೆಯಲಿ. ಬೆಲೆ ಹೇಳುವವರೂ ಅವರೇ ಆಗಲಿ. ಗಂಡಸು ಚೀಲ ಹೊತ್ತರೆ ಸಾಕು.

ಎರಡನೆಯದಾಗಿ, "ಎರಡು ಸಾವಿರ ಕೊಟ್ಟು ತೋರಣವನ್ನು ಯಾರು ಕೊಳ್ಳುತ್ತಾರೆ?" ಎಂದು ಕೆಲವರು ಕೇಳುತ್ತಾರೆ. ಪ್ರಶ್ನೆ ಸರಿಯಾದದ್ದೇ. ನಮ್ಮ ಪೇಟೆಯಲ್ಲಿ ಕೊಳ್ಳುವವರು ಕಡಿಮೆ. ಹಾಗಿದ್ದರೆ ಮಾರಾಟಕ್ಕೆ ದೊಡ್ಡ ತೋರಣ ಬೇಡ. ಎರಡು ಮೂರು ತಾಸಿನಲ್ಲಿ ಮುಗಿಯುವ ಸಣ್ಣ ತುಂಡು, ರವಿಕೆಯ ತೋಳಿನ ಅಂಚು, ಕೂಸಿನ ಟೊಪ್ಪಿಗೆ, ಇಂಥವನ್ನು ಮಾಡಲಿ; ತಾಸಿನ ಕೂಲಿ ಗಿಟ್ಟುತ್ತದೆಯೇ ನೋಡಲಿ. ಗಿಟ್ಟದಿದ್ದರೆ ಮಾರುವುದೇ ಬೇಡ. ದೊಡ್ಡ ತೋರಣವನ್ನು ಮಗಳಿಗೋ ಗೆಳತಿಗೋ ಉಡುಗೊರೆ ಕೊಡಲಿ. ಕೊಟ್ಟ ಉಡುಗೊರೆಗೆ ನೆನಪು ಉಳಿಯುತ್ತದೆ. ಅಗ್ಗಕ್ಕೆ ಮಾರಿದ್ದಕ್ಕೆ ಅದೂ ಇಲ್ಲ. ಜೊತೆಗೆ, ಒಬ್ಬರು ಅಗ್ಗಕ್ಕೆ ಕೊಟ್ಟರೆ ಊರಿನ ಎಲ್ಲರ ಬೆಲೆಯೂ ಇಳಿಯುತ್ತದೆ.

ಮೂರನೆಯದಾಗಿ, ಒಬ್ಬೊಬ್ಬರೇ ಮಾರದೆ ಗುಂಪಾಗಿ ಮಾರಬೇಕು. ಬಳ್ಳಾರಿ ಜಿಲ್ಲೆಯ ಸಂಡೂರಿನಲ್ಲಿ ಕುಶಲ ಕಲಾ ಕೇಂದ್ರದ ಆಶ್ರಯದಲ್ಲಿ ಲಂಬಾಣಿ ಹೆಣ್ಣುಮಕ್ಕಳು ತಮ್ಮ ಕಸೂತಿಯನ್ನು ಒಂದೇ ಹೆಸರಿನಡಿ ಲೋಕಕ್ಕೆ ತೋರಿಸಿದ್ದಾರೆ. 2023ರ ಜುಲೈನಲ್ಲಿ ಹಂಪಿಯಲ್ಲಿ ಜಿ-20 ಸಭೆ ನಡೆದಾಗ 450ಕ್ಕೂ ಹೆಚ್ಚು ಹೆಂಗಸರ ಕೈಕೆಲಸದ 1,755 ವಸ್ತುಗಳನ್ನು ಒಟ್ಟಿಗೆ ಇಟ್ಟು ಗಿನ್ನೆಸ್ ದಾಖಲೆ ಮಾಡಿದರು. ನಮ್ಮ ತಾಲ್ಲೂಕುಗಳ ತಾಂಡಾಗಳಲ್ಲೂ ಅಂಥ ಕೈಗಳಿವೆ, ಓಣಿಗಳಲ್ಲಿ ಕ್ರೋಶಾ ಹಾಕುವವರೂ ಕೌದಿ ಹೊಲಿಯುವವರೂ ಇದ್ದಾರೆ. ಗುಂಪುಗಳೂ ಇವೆ. ಸಾಲ ಕೊಡುವುದು, ಕಟ್ಟಿಸಿಕೊಳ್ಳುವುದು ಇಷ್ಟಕ್ಕೇ ನಿಲ್ಲದೆ ಅವು ಮಾಲಿಗೂ ಒಂದು ಹೆಸರು, ಒಂದು ಧಾರಣೆ ಕಟ್ಟಬೇಕು.

ನಾಲ್ಕನೆಯದಾಗಿ, ಸರಕಾರದ ಕಾಗದಪತ್ರ. 2023ರ ಸೆಪ್ಟೆಂಬರಿನಲ್ಲಿ ಆರಂಭವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ದರ್ಜಿ ಇದ್ದಾನೆ, ಬಲೆ ಹೆಣೆಯುವವನಿದ್ದಾನೆ. ಲೇಸು ಹೆಣೆಯುವವಳ ಹೆಸರಿಲ್ಲ. ಆದರೆ ಕೇಂದ್ರದ ಕರಕುಶಲ ಅಭಿವೃದ್ಧಿ ಆಯುಕ್ತರ ಇಲಾಖೆ ಕೈಕಸುಬಿನವರಿಗೆ ಕೊಡುವ "ಪೆಹಚಾನ್" ಗುರುತಿನ ಚೀಟಿ ಇದೆ. ಕ್ರೋಶಾ, ಕಸೂತಿಗಳು ಕರಕುಶಲ ವಸ್ತುಗಳ ಪಟ್ಟಿಯಲ್ಲಿವೆ. ಗುಂಪಿನವರು ಕೂಡಿ ಅರ್ಜಿಯ ವಿಚಾರ ಮಾಡಬೇಕು.

ಕೊನೆಯದಾಗಿ ಮನೆಯ ಗಂಡಸರಿಗೆ. ಲೇಸಿನ ಕೆಲಸವನ್ನು ರಾತ್ರಿ ಮಿಣುಕು ದೀಪದಲ್ಲಿ ಮಾಡಿದರೆ ಕಣ್ಣು, ಕತ್ತು, ಮಣಿಕಟ್ಟು ಮೂರೂ ಹಾಳು. ಹಗಲಿನ ಬೆಳಕಿನಲ್ಲಿ ಒಂದೆರಡು ತಾಸು ಅವರಿಗೆ ಸಿಗಬೇಕಾದರೆ, ಅಷ್ಟು ಹೊತ್ತಿನ ಮನೆಗೆಲಸವನ್ನು ಇನ್ನೊಬ್ಬರು ಹೊರಬೇಕು. ಬೇರೆ ಉಪಾಯವಿಲ್ಲ.

ನಮ್ಮ ಪಡಸಾಲೆಯಲ್ಲಿ ಈಗ ಮತ್ತೆ ಭಾನುವಾರದ ಪಾಠ ನಡೆದಿದೆ. ಎಂಟು ಮಕ್ಕಳು ಒಂಬತ್ತಾಗಿದ್ದಾರೆ, ಒಂಬತ್ತನೆಯವನು ಹುಡುಗ. ಆ ಹೊತ್ತಿಗೆ ಎಮ್ಮೆಗೆ ನೀರು ಕುಡಿಸುವುದು, ಬಂದವರಿಗೆ ಚಹಾ ಕಾಸುವುದು ನನ್ನ ಪಾಳಿ. ಚಹಾಕ್ಕೆ ಸಕ್ಕರೆ ಹೆಚ್ಚಾಯಿತೆಂದು ಬೀಗರು ನಗುತ್ತಾರೆ, ನಗಲಿ.

ತೊಗರಿಯ ಧಾರಣೆಗಾಗಿ ರಸ್ತೆಗೆ ಇಳಿಯುವಾಗ ನಮ್ಮ ಮನೆಮಂದಿಯ ದುಡಿಮೆಗೂ ಬೆಲೆ ಕಟ್ಟಿರೆಂದು ಗಟ್ಟಿಯಾಗಿ ಕೇಳೋಣ. ಆ ಮಾತು ದಿಲ್ಲಿಗೆ ಮುಟ್ಟಲು ಹೊತ್ತಾಗಬಹುದು. ನಮ್ಮ ಪಡಸಾಲೆಗೆ ಇಂದೇ ಮುಟ್ಟಬಹುದಲ್ಲ?