ನಾಯಿಯ ಹೊಟ್ಟೆಹುಳು: ನಮಗೇಕೆ ಎನ್ನಬೇಡಿ

'ನಮ್ಮ ಮನೆಯಲ್ಲಿ ನಾಯಿಯೇ ಇಲ್ಲ, ಅದರ ಹೊಟ್ಟೆಯ ಹುಳದ ಚಿಂತೆ ನಮಗೇಕೆ?' ಎಂದು ನೀವು ಕೇಳಬಹುದು. ಆದರೆ ತೋಟಕ್ಕೆ, ಕುರಿಮಂದೆಗೆ ಕಾವಲಾಗಿ ನಾಯಿ ಸಾಕಿದವರು ನಮ್ಮಲ್ಲೂ ಇದ್ದಾರೆ. ಸಾಕದವರ ಅಂಗಳಕ್ಕೂ ಬೀದಿನಾಯಿ ಬರುತ್ತದೆ. ಬಕ್ರೀದ್ ದಿನ ಕುರ್ಬಾನಿಯ ಕುರಿಯ ಶ್ವಾಸಕೋಶವನ್ನೋ ಕೆಟ್ಟಂತೆ ಕಂಡ ಯಕೃತ್ತಿನ ತುಂಡನ್ನೋ ಅದರ ಮುಂದೆ ಎಸೆಯುವವರು ನಾವೇ ಅಲ್ಲವೇ?

ಆ ತುಂಡಿನಲ್ಲಿ ನೀರು ತುಂಬಿದ ಬಿಳಿ ಗುಳ್ಳೆ ಇದ್ದರೆ ಅದು ಹೈಡಾಟಿಡ್ ಗುಳ್ಳೆ ಇರಬಹುದು. ಅದನ್ನು ಹಸಿಯಾಗಿ ತಿಂದ ನಾಯಿಯ ಕರುಳಿನಲ್ಲಿ ಅರ್ಧ ಸೆಂಟಿಮೀಟರಿನಷ್ಟು ಪುಟ್ಟದಾದ ಲಾಡಿಹುಳುಗಳು ಬೆಳೆಯುತ್ತವೆ. ಅವುಗಳ ಮೊಟ್ಟೆ ಮಲದೊಂದಿಗೆ ಮಣ್ಣಿಗೆ, ಸೊಪ್ಪಿಗೆ, ನೀರಿಗೆ ಸೇರುತ್ತದೆ. ಮೇಯುವ ಕುರಿಯ ಹೊಟ್ಟೆಗೆ ಹೋದಂತೆ ಆಡುವ ಮಗುವಿನ ಬಾಯಿಗೂ ಹೋಗುತ್ತದೆ. ಮನುಷ್ಯರಿಗೆ ಈ ರೋಗ ಬರುವುದು ಮಾಂಸ ತಿಂದದ್ದರಿಂದ ಅಲ್ಲ, ಈ ಮೊಟ್ಟೆಗಳಿಂದ. ಯಕೃತ್ತಿನಲ್ಲೋ ಶ್ವಾಸಕೋಶದಲ್ಲೋ ಗುಳ್ಳೆ ವರ್ಷಗಟ್ಟಲೆ ಸದ್ದಿಲ್ಲದೆ ಬೆಳೆದು, ಕೊನೆಗೆ ಶಸ್ತ್ರಚಿಕಿತ್ಸೆಯವರೆಗೂ ಹೋಗಬಹುದು. ಹುಳುವಿರುವ ನಾಯಿ ಮಾತ್ರ ನೋಡಲು ಆರೋಗ್ಯವಾಗಿಯೇ ಇರುತ್ತದೆ.

ಮದ್ದು ಇದೆ, ಆದರೆ ಸರಿಯಾದದ್ದನ್ನು ಕೊಡಬೇಕು. ಪೈರಾಂಟೆಲ್ ಜಂತುಹುಳು, ಕೊಕ್ಕೆಹುಳುಗಳಿಗೆ ಒಳ್ಳೆಯದು. ಲಾಡಿಹುಳುವಿನ ಮುಂದೆ ಅದರ ಆಟ ನಡೆಯದು. ಅದಕ್ಕೆ ಪ್ರಾಜಿಕ್ವಾಂಟೆಲ್ ಬೇಕು. ನಾಯಿಯ ತೂಕದ ಪ್ರತಿ ಕಿಲೋಗೆ 5 ಮಿಲಿಗ್ರಾಂ, ಅಂದರೆ 10 ಕಿಲೋ ನಾಯಿಗೆ 50 ಮಿಲಿಗ್ರಾಂ, ರೂಢಿಯ ಪ್ರಮಾಣ. ಎರಡೂ ಸೇರಿದ ಮಾತ್ರೆಗಳು ಸಿಗುತ್ತವೆ. 'ಹುಳದ ಮಾತ್ರೆ ಕೊಡಿ' ಎಂದಷ್ಟೇ ಕೇಳದೆ, ಅದರಲ್ಲಿ ಪ್ರಾಜಿಕ್ವಾಂಟೆಲ್ ಇದೆಯೇ ಎಂದು ವಿಚಾರಿಸಿ. ಮಕ್ಕಳಿಗೆ ತಂದ ಮಾತ್ರೆಯನ್ನೋ ದನಕ್ಕೆ ತಂದ ಐವರ್‌ಮೆಕ್ಟಿನ್ನನ್ನೋ ಅಂದಾಜಿನಲ್ಲಿ ನಾಯಿಗೆ ಕೊಡಬೇಡಿ. ಕೋಲಿಯಂಥ ಕೆಲವು ತಳಿಗಳಿಗೆ ಐವರ್‌ಮೆಕ್ಟಿನ್ ಪ್ರಮಾಣ ಹೆಚ್ಚಾದರೆ ಪ್ರಾಣಕ್ಕೇ ಅಪಾಯ. ತೂಕ ನೋಡಿ ಪಶುವೈದ್ಯರೇ ಹೇಳಲಿ.

ಮರಿಗಳ ವಿಷಯ ಬೇರೆ. ಅವು ತಾಯಿಯ ಗರ್ಭದಲ್ಲಿರುವಾಗಲೇ ಜಂತುಹುಳು ಅಂಟುವುದರಿಂದ, ಎರಡು ವಾರದ ವಯಸ್ಸಿನಿಂದಲೇ ಎರಡು ವಾರಕ್ಕೊಮ್ಮೆ ಔಷಧ ಆರಂಭಿಸುತ್ತಾರೆ.

ಇನ್ನೊಂದು ಮಾತು. ಪ್ರಾಜಿಕ್ವಾಂಟೆಲ್ ಹುಳುವನ್ನು ಕೊಲ್ಲುತ್ತದೆ, ಮೊಟ್ಟೆಯನ್ನಲ್ಲ. ಮದ್ದು ಕೊಟ್ಟ ಎರಡು ಮೂರು ದಿನ ನಾಯಿಯನ್ನು ಕಟ್ಟಿ, ಅದರ ಮಲವನ್ನು ಆಳವಾಗಿ ಹೂಳಬೇಕು. ಮದ್ದು ಮುಂದಿನ ಸೋಂಕನ್ನೂ ತಡೆಯದು. ನಾಳೆ ಮತ್ತೆ ಹಸಿ ಯಕೃತ್ತು ತಿಂದರೆ ಸುಮಾರು ಆರೇಳು ವಾರಗಳಲ್ಲಿ ಮೊಟ್ಟೆ ಮತ್ತೆ ಹೊರಬರುತ್ತದೆ. ಅದಕ್ಕೇ ಕುರಿಮಂದೆಯ ನಾಯಿಗಳಿಗೆ ಆರು ವಾರಕ್ಕೊಮ್ಮೆ ಮದ್ದು ಕೊಡಿ ಎನ್ನುವುದು.

ಮದ್ದೊಂದೇ ಸಾಲದು ಎನ್ನಲು ನ್ಯೂಜಿಲೆಂಡ್ ಸಾಕ್ಷಿ. ಪ್ರಾಜಿಕ್ವಾಂಟೆಲ್ ಇನ್ನೂ ಬಾರದ ಕಾಲದಲ್ಲಿ, 1959ರ ಕಾನೂನಿನಡಿ ಅಲ್ಲಿ ನಾಯಿಗಳಿಗೆ ಕಡ್ಡಾಯವಾಗಿ ಅರೆಕೋಲಿನ್ ಕೊಡುತ್ತಿದ್ದರು. ಅದು ನಮ್ಮ ಅಡಿಕೆಯಲ್ಲಿರುವ ರಾಸಾಯನಿಕವೇ. (ಹಾಗೆಂದು ಅಡಿಕೆ ತಿನ್ನಿಸಲು ಹೋಗಬೇಡಿ, ಅದು ನಾಯಿಗೆ ವಿಷವಾದೀತು.) ಜೊತೆಗೆ ಹಸಿ ಒಳಾಂಗಗಳನ್ನು ನಾಯಿಗೆ ಹಾಕುವುದನ್ನೂ ತಡೆದರು. 2002ರಲ್ಲಿ ಆ ದೇಶ ಹೈಡಾಟಿಡ್‌ನಿಂದ ತಾತ್ಕಾಲಿಕವಾಗಿ ಮುಕ್ತವೆಂದು ಘೋಷಿಸಿಕೊಂಡಿತು.

ಬಾಯಾರಿದ ನಾಯಿಗೆ ನೀರುಣಿಸಿದವನಿಗೆ ಕ್ಷಮೆ ಸಿಕ್ಕಿತೆಂಬ ಹದೀಸನ್ನು ನಾವು ಮಕ್ಕಳಿಗೆ ಹೇಳಿಕೊಡುತ್ತೇವೆ. ನಾಯಿ ನೆಕ್ಕಿದ ಪಾತ್ರೆಯನ್ನು ಏಳು ಸಲ ತೊಳೆಯುವುದನ್ನೂ ಕಲಿಸುತ್ತೇವೆ. ದಯೆ, ಶುಚಿತ್ವ ಎರಡನ್ನೂ ಒಟ್ಟಿಗೆ ಪಾಲಿಸುವ ಜಾಗ ಇದು.

ನನ್ನ ಸಲಹೆ ಇಷ್ಟೇ: ಈ ಬಾರಿ ಬಕ್ರೀದ್‌ಗೆ ಮೊದಲೇ ನಿಮ್ಮ ಜಮಾಅತ್ ಕಮಿಟಿ ಹೊಂಡ ತೋಡಿಸಲಿ, ನಾಯಿ ಕೆದಕಲಾಗದಷ್ಟು ಆಳವಾಗಿ. ಪಶು ಆಸ್ಪತ್ರೆಯ ವೈದ್ಯರನ್ನು ಕರೆಸಿ ಮೊಹಲ್ಲಾದ ಸಾಕುನಾಯಿಗಳಿಗೆ ಮದ್ದು ಕೊಡಿಸಲಿ. ಚರ್ಮ ಸಂಗ್ರಹಕ್ಕೆ ಓಡಾಡುವ ಯುವಕರಿಗೆ ಇದೇನೂ ದೊಡ್ಡ ಕೆಲಸವಲ್ಲ. ಮನೆಯಲ್ಲಿ ನೀವು ಮಾಡಬೇಕಾದದ್ದು ಇನ್ನೂ ಸುಲಭ: ಗುಳ್ಳೆ ಕಂಡ ತುಂಡನ್ನು ಎಸೆಯಬೇಡಿ, ಹೂಳಿಸಿ, ಸೊಪ್ಪು ಚೆನ್ನಾಗಿ ತೊಳೆಯಿರಿ, ಮಣ್ಣಲ್ಲಿ ಆಡಿ ಬಂದ ಮಗುವಿನ ಕೈಯನ್ನು ಊಟಕ್ಕೆ ಮೊದಲು ಸೋಪು ಹಚ್ಚಿ ತೊಳೆಸಿ.