ಹಿರಿಯ ರಕ್ಷಣಾ ಆಟಗಾರ: ತಂಡಕ್ಕೆ ಆಸ್ತಿಯೋ, ಹೊರೆಯೋ?

2025ರ ಮಾರ್ಚ್ 29ರಂದು ಬೆಂಗಳೂರಿನ ಶ್ರೀ ಕಂಠೀರವ ಕ್ರೀಡಾಂಗಣದಲ್ಲಿ ನಡೆದ ಇಂಡಿಯನ್ ಸೂಪರ್ ಲೀಗ್‌ನ ನಾಕೌಟ್ ಪಂದ್ಯದಲ್ಲಿ ಬೆಂಗಳೂರು ಎಫ್‌ಸಿ ತಂಡವು ಮುಂಬಯಿ ಸಿಟಿ ಎಫ್‌ಸಿ ತಂಡವನ್ನು 5-0 ಗೋಲುಗಳಿಂದ ಸೋಲಿಸಿತು. ಸುಮಾರು ಹನ್ನೊಂದು ತಿಂಗಳ ಹಿಂದಷ್ಟೇ ಲೀಗ್‌ನ ಕಪ್ಪನ್ನು ಎತ್ತಿ ಹಿಡಿದಿದ್ದ ಮುಂಬಯಿ ತಂಡಕ್ಕೆ ಇದು ಹೀನಾಯ ಸೋಲು. ಹುಟ್ಟಿದ ಊರಿಗೂ ಅನ್ನ ನೀಡಿದ ಊರಿಗೂ ಸಮನಾಗಿ ಋಣಿಗಳಾದ ಮುಂಬಯಿ ಕನ್ನಡಿಗರು ಅಂದು ಹಿಗ್ಗಬೇಕೋ ಕುಗ್ಗಬೇಕೋ ತಿಳಿಯದೆ ಉಳಿದರೆ ಅಚ್ಚರಿಯಿಲ್ಲ. ಆದರೆ ಆ ಫಲಿತಾಂಶದ ಹಿಂದೆ ಆಟದ ಅಂಗಳದಾಚೆಗೂ ಸಲ್ಲುವ ಒಂದು ಪ್ರಶ್ನೆಯಿದೆ. ವಯಸ್ಸು ಮೂವತ್ತು ದಾಟಿದ ರಕ್ಷಣಾ ಆಟಗಾರನನ್ನು ಹಣ ತೆತ್ತಾಗಲಿ, ಮತ್ತೊಬ್ಬ ಆಟಗಾರನನ್ನು ಬಿಟ್ಟುಕೊಟ್ಟಾಗಲಿ ತಂಡಕ್ಕೆ ತರುವುದು ವಿವೇಕವೇ?

ಈ ಪ್ರಶ್ನೆಗೆ ರಾಹುಲ್ ಭೆಕೆ ಅವರ ವೃತ್ತಿಜೀವನಕ್ಕಿಂತ ಒಳ್ಳೆಯ ನಿದರ್ಶನ ನಮಗೆ ದೊರೆಯದು. 1990ರಲ್ಲಿ ಮುಂಬಯಿಯಲ್ಲಿ ಜನಿಸಿದ ಅವರು 2017ರಲ್ಲಿ ಬೆಂಗಳೂರು ತಂಡವನ್ನು ಸೇರಿದರು. 2019ರ ಮಾರ್ಚ್ 17ರಂದು ಅಂಧೇರಿಯ ಮುಂಬಯಿ ಫುಟ್‌ಬಾಲ್ ಅರೀನಾದಲ್ಲಿ ಗೋವಾ ಎದುರು ನಡೆದ ಅಂತಿಮ ಪಂದ್ಯದ ಹೆಚ್ಚುವರಿ ಅವಧಿಯಲ್ಲಿ, 117ನೆಯ ನಿಮಿಷದಲ್ಲಿ, ತಲೆಯಿಂದ ಚೆಂಡನ್ನು ಬಲೆಗೆ ಅಟ್ಟಿ ಬೆಂಗಳೂರಿಗೆ ಮೊದಲ ಐಎಸ್‌ಎಲ್ ಕಿರೀಟ ತಂದವರು ಅವರೇ. 2021ರಲ್ಲಿ ಮುಂಬಯಿ ಸಿಟಿ ಸೇರಿದರು. 2022ರ ಏಪ್ರಿಲ್‌ನಲ್ಲಿ ಇರಾಕಿನ ವಾಯುಪಡೆಯ ತಂಡದ ವಿರುದ್ಧ ಅವರು ಹೊಡೆದ ಗೋಲು ಏಷ್ಯನ್ ಚಾಂಪಿಯನ್ಸ್ ಲೀಗ್‌ನ ಗುಂಪು ಹಂತದಲ್ಲಿ ಭಾರತದ ಕ್ಲಬ್ಬೊಂದಕ್ಕೆ ಪ್ರಥಮ ಜಯವನ್ನು ದೊರಕಿಸಿತು. 2024ರ ಮೇ 4ರಂದು ಮೋಹನ್ ಬಗಾನ್ ತಂಡವನ್ನು 3-1ರಿಂದ ಸೋಲಿಸಿ ಕಪ್ ಗೆದ್ದ ಮುಂಬಯಿಗೆ ಅವರೇ ನಾಯಕರಾಗಿದ್ದರು. ಅದಾದ ಕೆಲವೇ ವಾರಗಳಲ್ಲಿ ಮುಂಬಯಿಯೊಂದಿಗಿನ ಕರಾರು ತೀರಿ, ಮೂವತ್ತಮೂರರ ವಯಸ್ಸಿನಲ್ಲಿ ಭೆಕೆ ಮತ್ತೆ ಬೆಂಗಳೂರು ಸೇರಿದರು.

ಆಗ ಬೆಂಗಳೂರು ತಂಡದ ಸ್ಥಿತಿ ಹೇಗಿತ್ತು? 2023-24ರಲ್ಲಿ ಅದು ಹನ್ನೆರಡು ತಂಡಗಳ ಪೈಕಿ ಹತ್ತನೆಯ ಸ್ಥಾನಕ್ಕೆ ಕುಸಿದಿತ್ತು. ಮರುವರ್ಷ ಹದಿಮೂರು ತಂಡಗಳಲ್ಲಿ ಮೂರನೆಯದಾಗಿ, ಉಪಾಂತ್ಯದಲ್ಲಿ ಗೋವಾ ತಂಡವನ್ನು ಹಿಮ್ಮೆಟ್ಟಿಸಿ ಅಂತಿಮ ಘಟ್ಟಕ್ಕೇರಿತು. ಅದೇ ಋತುವಿನಲ್ಲಿ ಮುಂಬಯಿ ತಂಡವು ಎರಡನೆಯ ಸ್ಥಾನದಿಂದ ಆರನೆಯದಕ್ಕೆ ಇಳಿಯಿತು. ಇದಕ್ಕೆಲ್ಲ ಭೆಕೆ ಒಬ್ಬರೇ ಕಾರಣ ಎನ್ನುವುದು ಅತಿಶಯೋಕ್ತಿಯಾದೀತು. ಮುಂಚೂಣಿಯ ಆಟಗಾರ ಹೋರ್ಹೆ ಪೆರೇರಾ ಡಿಯಾಜ್ ಮತ್ತು ಮಧ್ಯರಂಗದ ಆಲ್ಬರ್ಟೊ ನೊಗೇರಾ ಅವರೂ ಅದೇ ಬೇಸಿಗೆಯಲ್ಲಿ ಮುಂಬಯಿ ಬಿಟ್ಟು ಬೆಂಗಳೂರಿಗೆ ಬಂದಿದ್ದರು. ಒಂದು ಮನೆಯ ಮೂರು ಕಂಬಗಳು ಒಮ್ಮೆಗೇ ಇನ್ನೊಂದು ಮನೆಗೆ ಸಾಗಿದರೆ ಒಂದು ಮನೆ ನಿಲ್ಲುವುದೂ ಇನ್ನೊಂದು ಅಲುಗುವುದೂ ಸಹಜ. ಆದರೂ ಚದುರಿಹೋಗಿದ್ದ ತಂಡವೊಂದು ಒಗ್ಗೂಡಿದಾಗ ಹಿಂಬದಿಯಲ್ಲಿ ನಿಂತು ಆಟವನ್ನು ಓದಬಲ್ಲ ಹಿರಿಯನ ಪಾಲನ್ನು ಅಲ್ಲಗಳೆಯಲಾಗದು.

ರಕ್ಷಣಾ ಆಟಗಾರನ ವಯಸ್ಸನ್ನು ಮುಂಚೂಣಿ ಆಟಗಾರನ ವಯಸ್ಸಿನಂತೆ ಎಣಿಸುವುದು ಸರಿಯಲ್ಲ. ಗೋಲು ಹೊಡೆಯುವವನಿಗೆ ಮೊದಲ ಹತ್ತು ಹೆಜ್ಜೆಗಳ ವೇಗವೇ ಬಂಡವಾಳ. ಅದು ಮೂವತ್ತರ ನಂತರ ಕರಗುತ್ತದೆ. ನಡು ರಕ್ಷಕನಿಗೆ ಬೇಕಾದದ್ದು ಎಲ್ಲಿ ನಿಲ್ಲಬೇಕು, ಯಾವಾಗ ಮುನ್ನುಗ್ಗಬೇಕು, ಪಕ್ಕದವನನ್ನು ಯಾವ ಕ್ಷಣದಲ್ಲಿ ಕೂಗಿ ಎಚ್ಚರಿಸಬೇಕು ಎಂಬ ಅರಿವು. ಇದು ವರ್ಷಗಳು ಉರುಳಿದಂತೆ ಮಾಗುವ ವಿದ್ಯೆ. ಬ್ರೆಜಿಲ್‌ನ ಥಿಯಾಗೊ ಸಿಲ್ವಾ 2020ರಲ್ಲಿ ಮೂವತ್ತೈದರ ವಯಸ್ಸಿನಲ್ಲಿ ವರ್ಗಾವಣಾ ಶುಲ್ಕವಿಲ್ಲದೆ ಇಂಗ್ಲೆಂಡಿನ ಚೆಲ್ಸಿ ತಂಡ ಸೇರಿದಾಗ ಹುಬ್ಬೇರಿಸಿದವರಿದ್ದರು. ಮರುವರ್ಷವೇ ಆ ತಂಡ ಯುರೋಪಿನ ಚಾಂಪಿಯನ್ಸ್ ಲೀಗ್ ಗೆದ್ದಿತು. ಪೋರ್ಟೊ ನಗರದಲ್ಲಿ ನಡೆದ ಆ ಅಂತಿಮ ಪಂದ್ಯದ ಮೊದಲಾರ್ಧದಲ್ಲೇ ಸಿಲ್ವಾ ಗಾಯಗೊಂಡು ಹೊರನಡೆದರು. ಅವರ ಜಾಗಕ್ಕೆ ಬಂದ, ಅವರಿಗಿಂತ ಹತ್ತು ವರ್ಷಕ್ಕೂ ಹೆಚ್ಚು ಕಿರಿಯರಾದ ಆಂದ್ರಿಯಾಸ್ ಕ್ರಿಸ್ಟೆನ್ಸನ್ ಉಳಿದ ಅವಧಿಯಲ್ಲಿ ಒಂದು ಗೋಲನ್ನೂ ಬಿಟ್ಟುಕೊಡದಂತೆ ಕಾಯ್ದರು. ಹಿರಿಯನನ್ನು ತರುವುದರ ಸಾರ್ಥಕತೆ ಈ ಒಂದು ಪಂದ್ಯದಲ್ಲಿ ಅಡಗಿದೆ ಎಂದು ನಮಗೆ ತೋರುತ್ತದೆ. ಅವನಿದ್ದಾಗ ಗೆಲ್ಲುವುದಷ್ಟೇ ಅಲ್ಲ, ಅವನಿಲ್ಲದಾಗಲೂ ನಿಲ್ಲುವ ತಂಡ ಸಿದ್ಧವಾಗಿರಬೇಕು.

ನಾಣ್ಯದ ಇನ್ನೊಂದು ಮುಖವನ್ನೂ ನೋಡೋಣ. 2023ರ ಜುಲೈನಲ್ಲಿ ಕೇರಳ ಬ್ಲಾಸ್ಟರ್ಸ್ ತಂಡವು ತನ್ನ ಅಚ್ಚುಮೆಚ್ಚಿನ ಮಧ್ಯರಂಗದ ಆಟಗಾರ, ಇಪ್ಪತ್ತಾರರ ಹರೆಯದ ಸಹಲ್ ಅಬ್ದುಲ್ ಸಮದ್ ಅವರನ್ನು ಮೋಹನ್ ಬಗಾನ್‌ಗೆ ಬಿಟ್ಟುಕೊಟ್ಟಿತು. ಪ್ರತಿಯಾಗಿ ಅದಕ್ಕೆ ಸಂದದ್ದು ಒಂದಿಷ್ಟು ಹಣ ಮತ್ತು ರಕ್ಷಣಾ ಆಟಗಾರ ಪ್ರೀತಮ್ ಕೋಟಾಲ್. ಕೋಟಾಲ್ ಸಾಮಾನ್ಯರಲ್ಲ. ಅದೇ ವರ್ಷದ ಮಾರ್ಚ್‌ನಲ್ಲಿ ಗೋವಾದಲ್ಲಿ ನಡೆದ ಅಂತಿಮ ಪಂದ್ಯದಲ್ಲಿ ಪೆನಾಲ್ಟಿಗಳ ಮೂಲಕ ಬೆಂಗಳೂರು ತಂಡವನ್ನೇ ಮಣಿಸಿದ ಬಗಾನ್‌ನ ನಾಯಕರು. ಆದರೆ ಫಲವೇನಾಯಿತು? ಬಗಾನ್ 2023-24ರಲ್ಲಿ ಲೀಗ್ ಶೀಲ್ಡನ್ನು, 2024-25ರಲ್ಲಿ ಶೀಲ್ಡ್ ಮತ್ತು ಕಪ್ ಎರಡನ್ನೂ ಗೆದ್ದುಕೊಂಡಿತು. ಬ್ಲಾಸ್ಟರ್ಸ್ ಮೊದಲ ವರ್ಷ ನಾಕೌಟ್ ಹಂತದಲ್ಲೇ ಒಡಿಶಾ ಎದುರು ಸೋತು, ಎರಡನೆಯ ವರ್ಷ ಎಂಟನೆಯ ಸ್ಥಾನಕ್ಕೆ ಜಾರಿತು. 2025ರ ಜನವರಿಯಲ್ಲಿ ಕೋಟಾಲ್ ಚೆನ್ನೈಯಿನ್ ತಂಡ ಸೇರಿದರು. ಅದೇ ತಿಂಗಳು ಚೆನ್ನೈಯಿನ್‌ನ ಇಪ್ಪತ್ತೊಂದರ ರಕ್ಷಣಾ ಆಟಗಾರ ಬಿಕಾಶ್ ಯುಮ್ನಾಮ್ ಬ್ಲಾಸ್ಟರ್ಸ್ ಪಾಲಾದರು.

ಕೋಟಾಲ್ ಅವರ ಆಟದಲ್ಲಿ ದೋಷ ಹುಡುಕುವುದು ನಮ್ಮ ಉದ್ದೇಶವಲ್ಲ. ವ್ಯವಹಾರದ ಸ್ವರೂಪವನ್ನು ನೋಡಬೇಕು. ಬೆಂಗಳೂರು ಭೆಕೆ ಅವರನ್ನು ಪಡೆದದ್ದು ಕರಾರು ಮುಗಿದ ಮೇಲೆ. ಅದಕ್ಕಾಗಿ ಯಾವ ಕಿರಿಯನನ್ನೂ ಬಿಟ್ಟುಕೊಡಲಿಲ್ಲ. ಮೇಲಾಗಿ ನಾಲ್ಕು ವರ್ಷ ಆಡಿ ಬಲ್ಲ ಊರು, ಬಲ್ಲ ಅಂಗಳ. ಬ್ಲಾಸ್ಟರ್ಸ್ ಮಾತ್ರ ಇನ್ನೂ ಆಡಿ ಬೆಳೆಯಬೇಕಿದ್ದ ಆಟಗಾರನನ್ನು ಕೊಟ್ಟು, ಆಟದ ಬಹುಭಾಗವನ್ನು ಆಡಿ ಮುಗಿಸಿದ್ದವರನ್ನು ಪಡೆಯಿತು. ಬ್ಯಾಂಕಿನ ಮೇಜಿನ ಹಿಂದೆ ದಶಕಗಳನ್ನು ಕಳೆದ ನಮಗೆ ಇಲ್ಲಿ ಹಳೆಯ ವಾಹನಕ್ಕೆ ಕೊಡುವ ಸಾಲದ ನೆನಪಾಗುತ್ತದೆ. ವಾಹನದ ಉಳಿದ ಆಯುಷ್ಯಕ್ಕಿಂತ ಸಾಲದ ಅವಧಿ ಉದ್ದವಾಗಬಾರದು ಎಂಬುದು ಅಲ್ಲಿಯ ಮೊದಲ ಪಾಠ. ವಾಹನ ಕೆಟ್ಟದ್ದೆಂದಲ್ಲ, ಅದು ದುಡಿಯುವುದನ್ನು ನಿಲ್ಲಿಸಿದ ಮೇಲೂ ಕಂತು ಕಟ್ಟುವ ಪಾಡು ಯಾರಿಗೂ ಬರಬಾರದೆಂದು.

ಗಾಯದ ಭಯವೂ ಕಡೆಗಣಿಸುವಂಥದಲ್ಲ. ಸಂದೇಶ್ ಝಿಂಗಾನ್ ಅವರು 2023ರಲ್ಲಿ ಬೆಂಗಳೂರು ತೊರೆದು ಗೋವಾ ತಂಡಕ್ಕೆ ಹೋದರು. 2024ರ ಜನವರಿಯಲ್ಲಿ ಏಷ್ಯನ್ ಕಪ್‌ನ ಸಿರಿಯಾ ಪಂದ್ಯದಲ್ಲಿ ಮೊಣಕಾಲಿಗೆ ಪೆಟ್ಟಾಗಿ ತಿಂಗಳುಗಟ್ಟಲೆ ಆಟದಿಂದ ದೂರವುಳಿದರು. ಚೇತರಿಸಿಕೊಂಡು ಬಂದರು, ಗೋವಾ 2025ರ ಮೇ ತಿಂಗಳಲ್ಲಿ ಸೂಪರ್ ಕಪ್ ಗೆದ್ದಿತು ಎಂಬುದೂ ನಿಜ. ಆದರೆ ಹಿರಿಯನ ದೇಹ ಮಾಗುವ ವೇಗ ಕಿರಿಯನದಲ್ಲ. ಆ ಕಾಲಕ್ಕೆ ಬದಲಿ ಯಾರು ಎಂಬ ಪ್ರಶ್ನೆಗೆ ಉತ್ತರವಿಲ್ಲದ ತಂಡ ಅಂಥವರನ್ನು ನೆಚ್ಚಿಕೊಳ್ಳಬಾರದು.

ಈ ಪ್ರಶ್ನೆಯ ಬಿಸಿ ಕ್ಲಬ್ಬುಗಳಿಗಷ್ಟೇ ತಟ್ಟಿದ್ದರೆ ನಾವು ಇಷ್ಟು ಬರೆಯುತ್ತಿರಲಿಲ್ಲ. 2025ರ ಅಕ್ಟೋಬರ್ 9ರಂದು ಸಿಂಗಪುರದಲ್ಲಿ ನಡೆದ ಏಷ್ಯನ್ ಕಪ್ ಅರ್ಹತಾ ಪಂದ್ಯದಲ್ಲಿ ಝಿಂಗಾನ್ ಎರಡು ಹಳದಿ ಚೀಟಿ ಪಡೆದು ಹೊರನಡೆಯಬೇಕಾಯಿತು. ಭಾರತ ಹತ್ತೇ ಮಂದಿಯೊಂದಿಗೆ ಹೋರಾಡಿ 1-1ರ ಸಮಬಲ ಸಾಧಿಸಿತು. ಐದು ದಿನಗಳ ಬಳಿಕ ಮಡಗಾಂವ್‌ನಲ್ಲಿ ಅವರಿಲ್ಲದ ತಂಡವು ಛಾಂಗ್ಟೆ ಅವರ ಗೋಲಿನಿಂದ ಮುನ್ನಡೆ ಪಡೆದೂ 2-1ರಿಂದ ಸೋತಿತು. ಅಲ್ಲಿಗೆ 2027ರ ಏಷ್ಯನ್ ಕಪ್ಪಿನ ಬಾಗಿಲು ಭಾರತಕ್ಕೆ ಮುಚ್ಚಿತು. ಸೋಲಿಗೆ ಕಾರಣಗಳು ಹಲವು. ಆದರೂ ಮೂವತ್ತು ದಾಟಿದ ಒಬ್ಬಿಬ್ಬರ ಮೇಲೆ ಇಡೀ ದೇಶದ ರಕ್ಷಣಾ ಪಂಕ್ತಿ ಆತುಕೊಂಡಿದೆಯೆಂದರೆ ಅದು ಆ ಹಿರಿಯರ ತಪ್ಪಲ್ಲ. ಅವರ ಪಕ್ಕದಲ್ಲಿ ಇಪ್ಪತ್ತೆರಡರ ಹುಡುಗರನ್ನು ವಾರದಿಂದ ವಾರಕ್ಕೆ ನಿಲ್ಲಿಸದ ಕ್ಲಬ್ಬುಗಳ ಲೋಪ. ನಡು ರಕ್ಷಣೆಯ ಒಂದು ಸ್ಥಾನ ವಿದೇಶಿಯನಿಗೆ, ಇನ್ನೊಂದು ಸ್ವದೇಶದ ಹಿರಿಯನಿಗೆ ಎಂದಾದರೆ ಕಿರಿಯನು ಬೆಂಚಿನ ಮೇಲೆಯೇ ಮುದುಕನಾಗುತ್ತಾನೆ.

ಹಾಗೆಂದು ಹಿರಿಯರನ್ನು ಒಮ್ಮೆಗೇ ಮನೆಗೆ ಕಳಿಸುವುದು ಪರಿಹಾರವಾಗದು. 2000-01ರ ಸ್ವಯಂನಿವೃತ್ತಿ ಯೋಜನೆಯಡಿ ಸರಕಾರಿ ಬ್ಯಾಂಕುಗಳಿಂದ ಸುಮಾರು ಒಂದು ಲಕ್ಷ ನೌಕರರು ಹೊರಬಿದ್ದದ್ದು ನಮ್ಮ ಓದುಗರಲ್ಲಿ ಅನೇಕರಿಗೆ ನೆನಪಿರಬಹುದು. ವೇತನದ ಹೊರೆ ಇಳಿಯಿತು ನಿಜ. ಆದರೆ ಸಾಲ ಕೇಳಿ ಬಂದವನ ಮುಖ ನೋಡಿಯೇ ಅಳೆಯಬಲ್ಲ ಹಿರಿಯರು ಆ ವಿದ್ಯೆಯನ್ನು ಕಿರಿಯರಿಗೆ ಧಾರೆಯೆರೆಯುವ ಮುನ್ನವೇ ಹೊರಟುಹೋದರು. ಶಾಖೆಗಳಲ್ಲಿ ಅದರ ಕೊರತೆ ತುಂಬಲು ವರ್ಷಗಳೇ ಹಿಡಿದವು. ಇಂಗ್ಲೆಂಡಿನ ಮ್ಯಾಂಚೆಸ್ಟರ್ ಯುನೈಟೆಡ್ ತಂಡದ ಅಲೆಕ್ಸ್ ಫರ್ಗ್ಯುಸನ್ ಅವರೂ 2001ರಲ್ಲಿ ಇಪ್ಪತ್ತೊಂಬತ್ತರ ಯಾಪ್ ಸ್ಟಾಮ್ ಅವರನ್ನು ಮಾರಿದ್ದು ತಪ್ಪೆಂದು ಮುಂದೆ ಬಹಿರಂಗವಾಗಿ ಒಪ್ಪಿಕೊಂಡರು.

ಇದಕ್ಕೆ ಈಗ ಹಣದ ಮುಗ್ಗಟ್ಟೂ ಸೇರಿಕೊಂಡಿದೆ. ಅಖಿಲ ಭಾರತ ಫುಟ್‌ಬಾಲ್ ಒಕ್ಕೂಟವು ತನ್ನ ವಾಣಿಜ್ಯ ಪಾಲುದಾರ ಸಂಸ್ಥೆಯೊಂದಿಗೆ 2010ರಲ್ಲಿ ಮಾಡಿಕೊಂಡಿದ್ದ ಹದಿನೈದು ವರ್ಷಗಳ ಒಪ್ಪಂದ 2025ರ ಡಿಸೆಂಬರ್‌ನಲ್ಲಿ ತೀರಿತು. ನವೀಕರಣ ಆಗದ ಕಾರಣ 2025-26ರ ಲೀಗ್ ಎಂದಿನ ಕಾಲಕ್ಕೆ ಆರಂಭವಾಗಲೇ ಇಲ್ಲ. 2025ರ ಆಗಸ್ಟ್‌ನಲ್ಲಿ ಬೆಂಗಳೂರು ಎಫ್‌ಸಿಯು ಪ್ರಧಾನ ತಂಡದ ಆಟಗಾರರ ಹಾಗೂ ಸಿಬ್ಬಂದಿಯ ವೇತನವನ್ನು ಅನಿರ್ದಿಷ್ಟ ಕಾಲ ತಡೆಹಿಡಿಯುವುದಾಗಿ ಪ್ರಕಟಿಸಿತು. ಇಂಥ ಹೊತ್ತಿನಲ್ಲಿ ಮೊದಲ ಪೆಟ್ಟು ಬೀಳುವುದು ಹಿರಿಯ ಆಟಗಾರನಿಗೆ. ಕಿರಿಯನಿಗೆ ಮುಂದೆ ದಿನಗಳಿವೆ. ಮೂವತ್ತನಾಲ್ಕರವನಿಗೆ ಕಳೆದ ಒಂದು ಋತು ಮರಳಿ ಬಾರದು. ಮಕ್ಕಳ ಶಾಲೆ, ಮನೆಯ ಕಂತು ಎಲ್ಲರಂತೆ ಅವನಿಗೂ ಉಂಟು. ಆದುದರಿಂದ ಹಿರಿಯನನ್ನು ಕರೆತರುವ ಕ್ಲಬ್ಬು ಆ ಕರಾರನ್ನು ಕೊನೆಯವರೆಗೂ ನಡೆಸುವ ಶಕ್ತಿ ತನಗಿದೆಯೇ ಎಂದು ಮೊದಲು ತನ್ನ ಲೆಕ್ಕಪುಸ್ತಕವನ್ನು ನೋಡಿಕೊಳ್ಳಬೇಕು.

ನಮ್ಮ ಅಭಿಪ್ರಾಯ ಇಷ್ಟು. ಹಿರಿಯ ರಕ್ಷಣಾ ಆಟಗಾರನನ್ನು ತರುವುದು ಸರಿಯೇ, ಆದರೆ ಮೂರು ಷರತ್ತುಗಳಿಗೆ ಒಳಪಟ್ಟು. ಕರಾರು ಎರಡು ವರ್ಷ ಮೀರಬಾರದು. ಅವನಿಗಾಗಿ ಬೆಳೆಯುವ ಆಟಗಾರನನ್ನು ಬಲಿಗೊಡಬಾರದು. ಅವನ ಪಕ್ಕದಲ್ಲಿ ಒಬ್ಬ ಕಿರಿಯನನ್ನು ಅಭ್ಯಾಸದಲ್ಲಷ್ಟೇ ಅಲ್ಲ, ಪಂದ್ಯದಲ್ಲೂ ನಿಲ್ಲಿಸಬೇಕು. ಬೆಂಗಳೂರು ತಂಡ 2024ರಲ್ಲಿ ಮೊದಲೆರಡನ್ನು ಪಾಲಿಸಿ ಲಾಭ ಕಂಡಿತು. 2025ರ ಏಪ್ರಿಲ್ 12ರ ಅಂತಿಮ ಪಂದ್ಯದಲ್ಲಿ ಮುನ್ನಡೆ ಪಡೆದೂ ಹೆಚ್ಚುವರಿ ಅವಧಿಯಲ್ಲಿ ಬಗಾನ್‌ಗೆ 2-1ರಿಂದ ಮಣಿದದ್ದರಿಂದ ಆ ಲಾಭ ಸುಳ್ಳಾಗದು. ಮೂರನೆಯ ಷರತ್ತಿನ ಫಲ ಒಂದೆರಡು ಋತುಗಳಲ್ಲಿ ಕಾಣಸಿಗುವಂಥದಲ್ಲ. ಭೆಕೆ ಮತ್ತು ಝಿಂಗಾನ್ ಅವರ ಅಂಗಿಗಳನ್ನು ಯಾರು ತೊಡುತ್ತಾರೆ, ಅವರು ಎಷ್ಟು ವರ್ಷಗಳ ಪಂದ್ಯಾನುಭವದೊಂದಿಗೆ ತೊಡುತ್ತಾರೆ ಎಂಬುದರಲ್ಲಿ ಅದು ತಿಳಿಯಲಿದೆ. ಕ್ಲಬ್ಬುಗಳ ಆಡಳಿತದವರು ಮುಂದಿನ ವರ್ಗಾವಣೆಯ ಕಾಗದಕ್ಕೆ ಸಹಿ ಹಾಕುವ ಮುನ್ನ ಈ ಲೆಕ್ಕವನ್ನೂ ಒಮ್ಮೆ ಹಾಕಲಿ ಎಂದು ಆಶಿಸುತ್ತೇವೆ.